ದಡಿ ಕಾಣದ ಹದಿನಾರು ಸೀರೆ

ಹೆಂಡತಿ ಎಂಟು ದಿನ ತವರಿಗೆ ಹೋದರೆ ಗಂಡಸರು ಏನೇನೋ ಮಾಡಿಕೊಳ್ಳುತ್ತಾರೆ. ಬನಹಟ್ಟಿಯ ಮಹಾಲಿಂಗ ಹದಿನಾರು ಸೀರೆ ನೇಯ್ದಿಟ್ಟ.

ಮುಧೋಳದ ಚನಮಲ್ಲಪ್ಪ ಸಾಹುಕಾರರು ಮಗಳ ಮದುವೆಯಲ್ಲಿ ಬಂಧುಗಳಿಗೆ ಆಯೇರಿ ಕೊಡಲೆಂದು ಹೇಳಿ ಮಾಡಿಸಿದ ಸೀರೆಗಳವು. ಎಲೆಹಸಿರು ಒಡಲು, ಅಂಚಿಗೆ ಕುಂಕುಮಗೆಂಪು ದಡಿ. ದಡಿಯ ನೂಲು ತರಲು ಮಹಾಲಿಂಗನೇ ಬಣ್ಣ ಹಾಕುವವರ ಅಂಗಡಿಗೆ ಹೋಗಿದ್ದ. "ಇದನ್ನ ಕೊಡ್ಲೇನ್ರಿ?" ಎಂದು ಅಂಗಡಿಯವನು ಎರಡು ಸಲ ಕೇಳಿದ್ದಕ್ಕೆ, "ಬಣ್ಣದ ಅಂದಾನೆಪ್ಪನ ಮೊಮ್ಮಗ ಅದೀನಿ. ನನಗ ಬಣ್ಣ ಕಲಿಸಾಕ ಬರ್ತೀಯೇನ?" ಎಂದು ಗದರಿಸಿ ಬಂದಿದ್ದ.

ಅಂದಾನೆಪ್ಪ ಅವನ ತಾಯಿಯ ತಂದೆ. ನೂಲನ್ನು ಬೆರಳಲ್ಲಿ ಸವರಿ, ಕಣ್ಣು ಮುಚ್ಚಿ ಬಣ್ಣ ಹೇಳುವ ಮುದುಕ ಎಂದು ರಬಕವಿ-ಬನಹಟ್ಟಿಯಲ್ಲೆಲ್ಲ ಹೆಸರು. ಬರುವ ರವಿವಾರ ನೇಕಾರರೆಲ್ಲ ಸೇರಿ ಅವನಿಗೆ ಶಾಲು ಹೊದಿಸುವವರಿದ್ದರು.

ಬೆಳಿಗ್ಗೆ ಬಸ್ಸಿಳಿದು ಬಂದ ಕಾಂಚನಾ, ಚೀಲ ಇಳಿಸುವ ಮೊದಲೇ ಒಂದು ಸೀರೆ ಬಿಡಿಸಿದಳು.

"ಏನ್ರೀ, ದಡಿ ಎಲ್ಲಿ ಐತಿ?"

"ಅಲ್ಲೇ ಐತಲ್ಲ."

"ಹಸರಿಗೆ ಹಸರು ದಡಿ ನೇದೀರಲ್ರೀ!"

"ಯಾವಾಗ್ಲೂ ಇದ್ದಂಗ ಐತಲ್ಲ!"

ಖರೆ ಹೇಳಬೇಕೆಂದರೆ, ದಡಿ ಎಂಬುದು ಕೈಗೆ ಹತ್ತುವ ವಸ್ತುವೇ ಹೊರತು ಕಣ್ಣಿಗೆ ಕಾಣುವಂಥದ್ದಲ್ಲ ಎಂದೇ ಮಹಾಲಿಂಗ ಮೂವತ್ತು ವರ್ಷ ತಿಳಿದಿದ್ದ. ಜನ "ಆಹಾ, ಏನ ದಡಿರೀ!" ಎನ್ನುವುದು ಬೀಗರ ಮನೆಯ ಅಡುಗೆ ಹೊಗಳಿದಂತೆ ಬರೀ ರೂಢಿ ಎಂದುಕೊಂಡಿದ್ದ. ಇಷ್ಟು ದಿನ ನೂಲು ಆರಿಸಿ ಕೊಡುತ್ತಿದ್ದವಳು ಕಾಂಚನಾ.

ಅವಳ ಕೂಗಿಗೆ ಮೊದಲು ಬಂದವನು ಪಕ್ಕದ ಮನೆಯ ನಿಂಗಣ್ಣ. ಅವನ ಹಿಂದೆ ಅರ್ಧ ಓಣಿ ಬಂತು. ಕಾಮಣಿ ಆಗಿ ಕಣ್ಣು ಹಳದಿ ತಿರುಗಿದೆ ಎಂದರು ಒಬ್ಬರು. ಹೆಂಡತಿ ಇಲ್ಲದಾಗ ಕುಡಿದಿದ್ದಾನೆ ಎಂದರು ಇನ್ನೊಬ್ಬರು. ನಾಲಿಗೆ ಹೊರಗೆ ಚಾಚಿಸಿ ನೋಡಿದರು, ಬಾಯಿ ಮೂಸಿದರು. ದನದ ಸಂತೆಯಲ್ಲಿ ಎತ್ತಿಗೂ ಇಷ್ಟು ತಪಾಸಣೆ ನಡೆಯುವುದಿಲ್ಲ.

"ಸಂಜಿಗೆ ಸಾಹುಕಾರ್ರು ಬರ್ತಾರ. ಏನ ಹೇಳೂದು?" ಕಾಂಚನಾ ತಲೆಯ ಮೇಲೆ ಕೈ ಹೊತ್ತಳು.

"ಮೊದಲ ಕಣ್ಣ ತೋರಸ್ರಿ," ಎಂದ ನಿಂಗಣ್ಣ, ಮಹಾಲಿಂಗನನ್ನು ತನ್ನ ಮೋಟರ್‌ಸೈಕಲ್ ಮೇಲೆ ಹೇರಿಕೊಂಡು ಜಮಖಂಡಿಗೆ ಹೊರಟೇಬಿಟ್ಟ.

ನಿಂಗಣ್ಣ ದವಾಖಾನೆಯ ಹೊರಗೆ ಚಹಾ ಕುಡಿಯುತ್ತ ನಿಂತ. ಒಳಗೆ ಕಣ್ಣಿನ ಡಾಕ್ಟರು ಶೀತಲ್ ಒಂದು ಪುಸ್ತಕ ತೆರೆದರು. ಹಾಳೆಯ ತುಂಬ ಬಣ್ಣಬಣ್ಣದ ಚುಕ್ಕಿ.

"ಏನ ಕಾಣಸ್ತೈತಿ?"

"ಸಾಬೂದಾಣಿ ಚೆಲ್ಲಿದಂಗ ಐತ್ರಿ."

"ಅದರಾಗ ಒಂದ ಅಂಕಿ ಐತಿ."

"ಸಾಬೂದಾಣ್ಯಾಗ ಅಂಕಿ ಯಾರ ಬರೀತಾರ್ರಿ ಮೇಡಂ?"

ಹತ್ತು ಹಾಳೆ ತಿರುವಿದರೂ ಸಾಬೂದಾಣಿಯೇ. ಡಾಕ್ಟರು ಪುಸ್ತಕ ಮುಚ್ಚಿದರು. "ನಿಮಗ ಕೆಂಪು-ಹಸರು ಬ್ಯಾರೆ ಬ್ಯಾರೆ ಕಾಣೂದಿಲ್ಲ. ಹುಟ್ಟಿದಾಗಿಂದ ಹಿಂಗ ಐತಿ. ರೋಗ ಅಲ್ಲ, ಔಷಧಾನೂ ಇಲ್ಲ."

ಮಹಾಲಿಂಗ ಪುಸ್ತಕವನ್ನು ತಾನೇ ಮತ್ತೆ ತೆರೆದು ನೋಡಿದ. "ಇದ ಎಲ್ಲಿಂದ ಬಂತ್ರಿ?"

"ತಾಯಿಂದ. ನೋಡ್ರಿ, ಈ ಬಣ್ಣ ಗುರುತಿಸೋ ಜೀನ್ ಇರೂದು ಎಕ್ಸ್ ಕ್ರೋಮೊಸೋಮಿನ ಮ್ಯಾಲ. ಒಂದ ಜೀನಿನ್ಯಾಗ ಬ್ಯಾರೆ ಬ್ಯಾರೆ ನಮೂನಿ ಇರ್ತಾವ, ಅವಕ್ಕ ಆಲೀಲ್ ಅಂತಾರ. ಹೆಣ್ಣಮಕ್ಕಳಿಗೆ ಎರಡು ಎಕ್ಸ್. ಎರಡು ಮಗ್ಗದ ಮನಿ ಇದ್ದಂಗ. ಒಂದ ಕೆಟ್ಟರ ಇನ್ನೊಂದ ಮನಿ ನಡಸ್ತೈತಿ. ಗಂಡಮಕ್ಕಳದು ಒಂದ ಮಗ್ಗದ ಮನಿ. ಅದ ಕೆಟ್ಟರ ಆತು."

"ಅಂದ್ರ ನನ್ನ ಮಗ್ಗ ಕೆಟ್ಟೈತಿ."

"ನಿಮ್ಮವ್ವಗ ಒಂದ ಎಕ್ಸ್ ಅವರ ಅಪ್ಪಂದು, ಒಂದ ಅವರ ಅವ್ವಂದು. ಎರಡರಾಗ ಯಾವುದೋ ಒಂದ ನಿಮಗ ಬಂದೈತಿ. ಹಿಂದಕ ಕಾಡಿನ್ಯಾಗ ಎಲಿ ನಡುವ ಹಣ್ಣು ಹುಡುಕಾಕ ಅಂತನ ಮಂಗ್ಯಾಗೋಳಿಗೆ ಈ ಕಣ್ಣು ಬೆಳದ ಬಂತು ಅಂತ ಹೇಳ್ತಾರ ವಿಜ್ಞಾನಿಗಳು."

"ನಾ ಆಗ ಕಾಡಿನ್ಯಾಗ ಇದ್ದಿದ್ರ?"

"ಕಾಯಿ ತಿಂತಿದ್ರಿ," ಎಂದು ಡಾಕ್ಟರು ಒಂದು ಕಾಗದ ಬರೆದು ಕೊಟ್ಟರು.

ಹೊರಗೆ ಬಂದ ಮಹಾಲಿಂಗನ ನಡಿಗೆಯೇ ಬೇರೆಯಾಗಿತ್ತು. ಅವನ ಜನ್ಮದಲ್ಲಿ ಮೊದಲ ಸಲ ಒಂದು ತಪ್ಪಿಗೆ ಸಹಿ, ಮೊಹರು ಸಮೇತ ಕಾರಣ ಸಿಕ್ಕಿತ್ತು. "ಡಾಕ್ಟರ್ ಏನಂದ್ರೋ?" ಎಂದು ನಿಂಗಣ್ಣ ದಾರಿಯುದ್ದಕ್ಕೂ ಕೇಳಿದ. "ಸಂಜೀಕ ಎಲ್ಲಾರ ಮುಂದ ಹೇಳ್ತೀನಿ," ಎಂದು ಮಹಾಲಿಂಗ ಬಿಗುಮಾನದಿಂದ ಅಜ್ಜನ ಓಣಿಯಲ್ಲಿ ಇಳಿದುಕೊಂಡ.

ಅಜ್ಜ ಕಟ್ಟೆಗೆ ಹೋಗಿದ್ದ. ಅಜ್ಜಿ ಸುಂದರವ್ವ ಶೇಂಗಾ ಚಟ್ನಿ ಕುಟ್ಟುತ್ತಿದ್ದಳು.

"ಆಯಿ, ನಿಮ್ಮ ತವರಮನ್ಯಾಗ ಯಾರಿಗರೆ ಕೆಂಪು-ಹಸರು ತಿಳೀತಿರಲಿಲ್ಲೇನ? ನನಗ ಅದು ಬಂದೈತಿ. ಅಜ್ಜಂದಂತೂ ಇರಾಕ ಸಾಧ್ಯ ಇಲ್ಲ. ನಿಂದ ಇರಬೇಕು."

ಸುಂದರವ್ವನ ಒನಕೆ ನಿಂತಿತು. ಎದ್ದು ಹೋಗಿ ಬಾಗಿಲಿಗೆ ಅಗಳಿ ಹಾಕಿ ಬಂದಳು.

"ಮಾಲಿಂಗಾ, ನಿಮ್ಮಜ್ಜಗ ಕೆಂಪು ಯಾವುದು, ಹಸರು ಯಾವುದು ಇವತ್ತಿಗೂ ಗೊತ್ತಿಲ್ಲ."

"ಮತ್ತ ಕಣ್ಣ ಮುಚ್ಚಿ ಬಣ್ಣ ಹೆಂಗ ಹೇಳ್ತಿದ್ದ?"

"ಕಣ್ಣ ಮುಚ್ಚೂದು ನನ್ನ ಗಾಜಿನ ಬಳಿ ಸಪ್ಪಳ ಕೇಳಾಕ! ನಾ ಅಡಗಿ ಮನಿ ಬಾಗಲದಾಗಿಂದ ನೋಡಿ, ಕೆಂಪು ಇದ್ರ ಒಮ್ಮೆ ಬಳಿ ಅಲ್ಲಾಡಸ್ತಿದ್ದೆ, ಹಸರು ಇದ್ರ ಎರಡ ಸಲ. ಐವತ್ತ ವರ್ಷ ಸಂಸಾರ ಮಾಡಿದ್ದು ಹಿಂಗ."

ಮಹಾಲಿಂಗ ಡಾಕ್ಟರರ ಕಾಗದ ಬಿಡಿಸಿ ನೋಡಿದ. ಅವ್ವನ ಹತ್ತಿರ ಎರಡು ಎಕ್ಸ್ ಇದ್ದವು: ಊರನ್ನೇ ಆಳಿದ ಅಜ್ಜಿಯ ಕಣ್ಣು, ಏನೂ ತಿಳಿಯದ ಅಜ್ಜನ ಕಣ್ಣು. ಎರಡರಲ್ಲಿ ಒಂದು ಬರಬೇಕಾಗಿದ್ದಾಗ ತನಗೆ ಅಜ್ಜನದು ಬಂದಿತ್ತು. ಹುಟ್ಟುವ ಮೊದಲೇ ತಾನು ನೂಲು ಆರಿಸುವುದರಲ್ಲಿ ತಪ್ಪಿದ್ದೆ ಎಂದುಕೊಂಡ.

"ರವಿವಾರ ಶಾಲು ಐತಿ. ಯಾರ ಮುಂದರೆ, ನಿನ್ನ ಹೇಣ್ತಿ ಮುಂದರೆ ಉಸಿರಿದಿ ಅಂದ್ರ ನನ್ನ ಮುಖಾ ನೋಡಬ್ಯಾಡ!" ಎಂದ ಸುಂದರವ್ವ, ಡಾಕ್ಟರರ ಕಾಗದ ಕಸಿದು ಒಲೆಗೆ ತುರುಕಿದಳು. "ನಿಮ್ಮವ್ವ ಬೀಳಗ್ಯಾಗ ಅದಾಳ. ಆಕಿಗೂ ಇದು ಗೊತ್ತೈತಿ, ಆಕಿ ಬಾಯೀನೂ ಕಟ್ಟಿ ಬರ್ತೀನಿ. ಫೋನಿನ್ಯಾಗ ಹೇಳೂ ಮಾತಲ್ಲ ಇದು." ನಾಲ್ಕರ ಬಸ್ಸಿಗೆ ಹೊರಟೇ ಹೋದಳು.

ಸಂಜೆ ಚನಮಲ್ಲಪ್ಪ ಸಾಹುಕಾರರು ಬಂದಾಗ ಓಣಿಗೆ ಓಣಿಯೇ ನೆರೆದಿತ್ತು. ಸೀರೆ ನೋಡಿ ಅವರ ಮುಖ ಮಾತ್ರ ಕುಂಕುಮಗೆಂಪಾಯಿತು.

"ಏನೋ ಇದು? ಡಾಕ್ಟರ್ ಕಡೆ ಹೋಗಿದ್ದಿ ಅಂತಲ್ಲ, ಏನಂದ್ರು?"

ಎಲ್ಲರೂ ಕಿವಿಯಾದರು. ಮಹಾಲಿಂಗ ಸೀರೆ ಮಡಚತೊಡಗಿದ. "ಕಣ್ಣ ಛಲೋ ಅದಾವಂತ್ರಿ."

"ಮತ್ಯಾಕ ಹಿಂಗ ಮಾಡಿದಿ?"

"ತಿಳಿಗೇಡಿ ಅದೀನ್ರಿ."

"ಅದು ಗೊತ್ತೈತಿ. ಬ್ಯಾರೆ ಕಾರಣ ಹೇಳು."

ಅಷ್ಟರಲ್ಲಿ ನಿಂಗಣ್ಣ ಕಟ್ಟೆಯ ಮೇಲಿಂದ ಅಂದಾನೆಪ್ಪಜ್ಜನನ್ನು ಕೈಹಿಡಿದು ಕರೆತಂದ. "ಅಜ್ಜಾರ ಬಂದ್ರು, ಅವರ ನ್ಯಾಯ ಹೇಳ್ಲಿ!" ಅಜ್ಜ ಸೀರೆ ಕೈಗೆತ್ತಿಕೊಂಡ. ದಡಿ ಸವರಿದ. ಕಣ್ಣು ಮುಚ್ಚಿದ. ಬಹಳ ಹೊತ್ತು ಆಲಿಸಿದ. ಸುಂದರವ್ವ ಬೀಳಗಿಯಲ್ಲಿದ್ದಳು.

ಕೊನೆಗೆ ಅಜ್ಜ ಗಂಭೀರವಾಗಿ ಹೇಳಿದ: "ಕೆಂಪು ಭಾಳ ಛಲೋ ಬಂದೈತಿ."

ಓಣಿಯವರು ಸೀರೆ ನೋಡಿದರು, ಅಜ್ಜನ ಮುಖ ನೋಡಿದರು. ಆಮೇಲೆ ಚನಮಲ್ಲಪ್ಪ ಸಾಹುಕಾರರು ಹೊಟ್ಟೆ ಹಿಡಿದು ನಗತೊಡಗಿದರು. ಓಣಿಯೂ ನಕ್ಕಿತು.

"ಎಂಥಾ ಚುಚ್ಚು ಮಾತರೀ ಅಜ್ಜಾರ! ಮೊಮ್ಮಗ ಅಂತನೂ ಬಿಡಲಿಲ್ಲ!" ಎಂದರು ಸಾಹುಕಾರರು.

"ಕೆಂಪು ಛಲೋ ಬಂದೈತಂತ!" ನಿಂಗಣ್ಣ ಕಣ್ಣೀರು ಒರೆಸಿಕೊಂಡ. ಕಾಂಚನಾ ಕೂಡ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಓಡಿದಳು.

ನಕ್ಕು ನಕ್ಕು ಸಾಹುಕಾರರ ಸಿಟ್ಟು ಇಳಿಯಿತು. "ಆತು ಬಿಡು. ಮದುವಿಗೆ ಇನ್ನೂ ಹನ್ನೆರಡ ದಿನ ಐತಿ. ಹದಿನಾರೂ ಹೊಸದಾಗಿ ನೇದ ಕೊಡು. ಆದ್ರ ಈ ಸಲ ನೀ ನೂಲು ಮುಟ್ಟಬ್ಯಾಡ. ಅಜ್ಜಾರ ಆರಸ್ಲಿ. ನೀ ಅವರ ಚೀಲ ಹಿಡ್ಕೊಂಡು ಹೋಗು. ಈಗಿಂದೀಗ ಹೋಗ್ರಿ, ಅಂಗಡಿ ಬಾಗಲಾ ಹಾಕ್ತಾರ."

ಇಡೀ ಓಣಿಯೇ ಅವರಿಬ್ಬರನ್ನು ತಿರುವಿನವರೆಗೆ ಕಳಿಸಿಕೊಟ್ಟಿತು. ಅಂಗಡಿಯವನು ಅಂದಾನೆಪ್ಪಜ್ಜನನ್ನು ಕಂಡು ಕೈಮುಗಿದು, ಒಳಗಿನ ನೂಲನ್ನೆಲ್ಲ ತಂದು ಮುಂದೆ ಗುಡ್ಡೆ ಹಾಕಿ, ನೀರು ತರಲು ಹೋದ.

ಅಜ್ಜ ಅತ್ತಿತ್ತ ನೋಡಿ, ಮಹಾಲಿಂಗನ ಕಿವಿಯ ಹತ್ತಿರ ಬಾಗಿದ.

"ಲೇ ಮಾಲಿಂಗಾ, ನನ್ನವು ಮುಪ್ಪಿನ ಕಣ್ಣು. ನಿನ್ನವು ಹರೇದವು. ಲಗೂ ಕೆಂಪು ಯಾವುದು ತೋರಸು."