ರಟ್ಟಿನ ಟಿವಿ, ಪ್ಲಾಸ್ಟಿಕ್ ಸೇಬು

"ಈ ಶನಿವಾರ ನಮ್ಮ ಮನೆ ನೋಡಿ ಆ ಮಕ್ಕಳು ಬಾಯಿ ಬಿಡಬೇಕು! ಬಿಟ್ಟ ಬಾಯಿ ಮುಚ್ಚಬಾರದು! ಹಾಗೆ ಮಾಡದಿದ್ದರೆ ನಾನು ಫರ್ನಿಚರ್ ಷೋರೂಮಿನ ಸೇಲ್ಸ್‌ಮನ್ನೇ ಅಲ್ಲ!"

ನಾನು ಹೀಗೆ ಎದೆ ತಟ್ಟಿಕೊಂಡಾಗ ಹೆಂಡತಿ ಬಟ್ಟೆ ಮಡಚುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ.

"ಅವು ಬರೋದು ಸೈನ್ಸ್ ಪ್ರಾಜೆಕ್ಟ್ ಮಾಡೋಕೆ, ನಮ್ಮನೆ ಕೊಂಡ್ಕೊಳ್ಳೋಕಲ್ಲ."

"ನಿನಗೇನು ಗೊತ್ತೇ ಲೋಕ!"

ನಮ್ಮ ಲೋಕ ಎಂಥದೆಂದು ಹೇಳಿಬಿಡುತ್ತೇನೆ. ದೊಡ್ಡ ಅಪಾರ್ಟ್‌ಮೆಂಟಿನ ಅತಿ ಚಿಕ್ಕ ಮನೆ ನಮ್ಮದು. ನೆಲಮಹಡಿ, ಜನರೇಟರಿನ ಪಕ್ಕ. ಕರೆಂಟು ಹೋದರೆ ಮೇಲಿನವರಿಗೆ ಬೆಳಕು, ನಮಗೆ ಸದ್ದು! ಮಗಳನ್ನು ಮಾತ್ರ ಹೊಟ್ಟೆಬಟ್ಟೆ ಕಟ್ಟಿ ಮೇಲಿನವರ ಮಕ್ಕಳು ಹೋಗುವ ಶಾಲೆಗೇ ಸೇರಿಸಿದ್ದೇವೆ. ರಜೆ ಬಂತೆಂದರೆ ಅವಳ ಕ್ಲಾಸಿನವರು ವಿಮಾನ ಹತ್ತುತ್ತಾರೆ. ನಮ್ಮವಳು ಲಿಫ್ಟ್ ಹತ್ತುತ್ತಾಳೆ, ಅದೂ ಕೆಲಸವಿಲ್ಲದೆ. ತಿಂಗಳುಗಟ್ಟಲೆ ಊಟದ ಬಿಡುವಿನಲ್ಲಿ ಒಬ್ಬಳೇ ಕೂತು ತಿಂದವಳನ್ನು ಈಗಷ್ಟೇ ಒಂದು ಗುಂಪು ಸೇರಿಸಿಕೊಂಡಿತ್ತು. ಆ ಗುಂಪಿನ ಯಜಮಾನಿ ಮೇಲ್ತುದಿಯ ಮಹಡಿಯ ಹುಡುಗಿ. ನಾನು ಅವಳಿಗಿಟ್ಟ ಹೆಸರು ಪೆಂಟ್‌ಹೌಸ್ ಪುಟ್ಟಿ. ಅವಳು ನಮ್ಮ ಮನೆ ನೋಡಿ ಮೂಗು ಮುರಿದರೆ ಮಗಳು ಮತ್ತೆ ಒಂಟಿ.

ಷೋರೂಮಿನಲ್ಲಿ ಸೋಫಾ, ಕಪಾಟು ಬಿಟ್ಟರೆ ಉಳಿದದ್ದೆಲ್ಲ ನಾಟಕ. ಗೋಡೆಯ ಮೇಲಿನ ಭಾರೀ ಟಿವಿ ರಟ್ಟಿನದು. ದಪ್ಪ ದಪ್ಪ ಪುಸ್ತಕಗಳು ಥರ್ಮಾಕೋಲಿನವು. ಗಾಜಿನ ಬಟ್ಟಲಿನ ಸೇಬು ಅಪ್ಪಟ ಪ್ಲಾಸ್ಟಿಕ್. ಗಿರಾಕಿಗಳು ದೂರದಿಂದಲೇ ನೋಡಿ ಮೆಚ್ಚುತ್ತಾರೆ. ಮ್ಯಾನೇಜರರ ಕೈಕಾಲು ಹಿಡಿದು ಅಷ್ಟನ್ನೂ ಒಂದು ದಿನದ ಮಟ್ಟಿಗೆ ಎರವಲು ತಂದೆ!

ಶನಿವಾರ ಬೆಳಿಗ್ಗೆ ಎಲ್ಲ ಜೋಡಿಸಿಟ್ಟಾಗ ಹೆಂಡತಿ ಟಿವಿಯ ಸುತ್ತ ಕೈಯಾಡಿಸಿದಳು. "ಇದನ್ನ ಆನ್ ಮಾಡೋದು ಎಲ್ರೀ?"

"ಆನ್ ಮಾಡೋದಲ್ಲ, ನೋಡೋದು."

"ಆನ್ ಆಗದ ಟಿವೀಲಿ ಏನು ನೋಡೋದು?"

"ಸೈಜು!"

ರೂಮಿನಿಂದ ಹೊರಬಂದ ಮಗಳ ಮುಖ ಬಿಳಚಿಕೊಂಡಿತು. "ಅಪ್ಪಾ, ಪ್ಲೀಸ್, ತೆಗಿಯಪ್ಪಾ ಅದನ್ನೆಲ್ಲ!" ಅಷ್ಟರಲ್ಲಿ ಬೆಲ್ ಆಯಿತು.

ಮೂವರು ಹುಡುಗಿಯರು ಒಳಗೆ ಬಂದರು. ನಾನು ಮಹಾರಾಜನ ಗತ್ತಿನಲ್ಲಿ ಕೈ ಬೀಸಿ ಕೂರಿಸಿದೆ. ಎಲ್ಲರಿಗಿಂತ ಚಿಕ್ಕವಳು ಕಾರ್ಟೂನ್ ಹಾಕಿ ಎಂದಳು.

"ಕರೆಂಟಿಲ್ಲ ಪುಟ್ಟಾ!"

ಆ ಮಗು ನಿಧಾನವಾಗಿ ತಲೆ ಎತ್ತಿ, ನೆತ್ತಿಯ ಮೇಲೆ ಗಿರಗಿರ ತಿರುಗುತ್ತಿದ್ದ ಫ್ಯಾನನ್ನು ನೋಡಿತು.

"ಟಿವಿಗೆ ಮಾತ್ರ ಇಲ್ಲ," ಎಂದೆ.

ಅಷ್ಟರಲ್ಲಿ ಕಟಕ್ ಎಂಬ ಸದ್ದು! ಪೆಂಟ್‌ಹೌಸ್ ಪುಟ್ಟಿ ಸೇಬಿಗೆ ಬಾಯಿ ಹಾಕಿದ್ದಳು. ಬಾಯಿಂದ ಸೇಬು ಆಚೆ ಬಂತು, ಜೊತೆಗೆ ಅಲ್ಲಾಡುತ್ತಿದ್ದ ಅವಳ ಹಾಲುಹಲ್ಲೂ ಬಂತು. ಹಲ್ಲು ಸೇಬಿನಲ್ಲಿ ಸಿಕ್ಕಿಕೊಂಡು ನನ್ನನ್ನೇ ನೋಡುತ್ತಿತ್ತು. "ಇದು... ಸ್ವಲ್ಪ ಗಟ್ಟಿ ಜಾತೀದಮ್ಮಾ," ಎಂದು ತೊದಲಿದೆ. ಮೂರನೆಯವಳು ಗಾಬರಿಯಿಂದ ಹಿಂದೆ ಸರಿದು ಕಪಾಟಿನ ಪುಸ್ತಕ ಹಿಡಿದಳು. ಒಂದಕ್ಕೊಂದು ಅಂಟಿಸಿದ್ದ ಆ ಪುಸ್ತಕಗಳು ಸಾಲಿಗೆ ಸಾಲೇ ಕಿತ್ತು ಬಂದು ಟಿವಿಗೆ ಬಡಿದವು. ನಮ್ಮ ಮನೆಯ ಮಹಾ ಟಿವಿ ನಡು ಮುರಿದುಕೊಂಡು ಎರಡಾಗಿ ಮಡಚಿ ನೆಲಕ್ಕೆ ಕೂತಿತು!

ಮಗಳು ಬಚ್ಚಲುಮನೆಗೆ ಓಡಿ ಚಿಲಕ ಹಾಕಿಕೊಂಡಳು. ಪೆಂಟ್‌ಹೌಸ್ ಪುಟ್ಟಿ ಅಳಲಿಲ್ಲ. ತುಟಿ ಒರೆಸಿಕೊಂಡು, ಪೊಲೀಸಿನವರ ಹಾಗೆ ಮನೆಯನ್ನೆಲ್ಲ ಒಮ್ಮೆ ಅಳೆದಳು.

"ಅಂಕಲ್, ನಿಜವಾದ ಸೇಬು ಎಲ್ಲಿಟ್ಟಿದ್ದೀರಾ?"

"ನಿಜವಾದದ್ದು ಇಲ್ಲಮ್ಮಾ."

"ಓಹೋ," ಎಂದಳು. ಸೇಬಿನಿಂದ ತನ್ನ ಹಲ್ಲು ಕಿತ್ತುಕೊಂಡು, ಗೆಳತಿಯರನ್ನು ಕರೆದುಕೊಂಡು ಹೊರಟೇಹೋದಳು.

ಸಂಜೆ ಮಗಳು ಅಪಾರ್ಟ್‌ಮೆಂಟಿನ ಆಟದ ಅಂಗಳದಿಂದ ಅಳುತ್ತಾ ಬಂದಳು. ಓಡಿಹೋಗಿ ಅವಳ ಕೈ ಹಿಡಿದುಕೊಂಡೆ.

"ನಾವು ಬಡವರು ಅಂತ ನಕ್ಕರಾ ಕಂದಾ?"

"ಬಡವರು ಅಂತ ನಾನೇ ಮೊದಲೇ ಹೇಳಿದ್ದೆ! ನಮ್ಮನೆ ಚಿಕ್ಕದು, ಟಿವಿ ಕೆಟ್ಟಿದೆ, ನೆಲದ ಮೇಲೇ ಕೂರ್ಬೇಕು ಅಂತ ಎಲ್ಲ ಹೇಳಿದ್ದೆ. ಯಾರೂ ಏನೂ ಅಂದಿರಲಿಲ್ಲ." ಬಿಕ್ಕುತ್ತಾ ಮುಂದುವರಿಸಿದಳು: "ಈಗ ನಾವು ತುಂಬಾ ಶ್ರೀಮಂತರಂತೆ! ನಮ್ಮ ನಿಜವಾದ ಮನೆ ಮೇಲೆಲ್ಲೋ ಇದೆಯಂತೆ, ಅಲ್ಲಿ ಒಳ್ಳೊಳ್ಳೇದನ್ನೆಲ್ಲ ಬೀಗ ಹಾಕಿ ಇಟ್ಟಿದ್ದೀವಂತೆ. ಇದು ಬಂದವರಿಗೆ ತೋರಿಸೋಕೆ ಇಟ್ಕೊಂಡಿರೋ ಮನೆಯಂತೆ! ನಾನು ಸುಳ್ಳಿಯಂತೆ, ಜಿಪುಣಿಯಂತೆ. ಗುಂಪಿಂದ ತೆಗೆದುಹಾಕಿದ್ರು."

ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ನೆಲಮಹಡಿಯಾದ್ದರಿಂದ ಅನುಕೂಲವೂ ಇತ್ತು.

ಹೆಂಡತಿ ಮಗಳ ತಲೆ ಸವರುತ್ತಾ ನನ್ನತ್ತ ನೋಡಿದಳು. "ಮದುವೆಯಾದಾಗಿಂದ ನಿಮ್ಮನ್ನ ಶ್ರೀಮಂತ ಅಂದೋರು ಇವತ್ತೇ ಸಿಕ್ಕಿದ್ದು. ಸಂಭ್ರಮ ಪಡಿ! ಹೋಗಿ ಆ ಹುಡುಗಿ ಹತ್ತಿರ ನಿಜ ಹೇಳಿ ಬನ್ನಿ."

ಸೋಮವಾರ ಬೆಳಿಗ್ಗೆ ಇದ್ದುದರಲ್ಲೇ ಹಳೆಯ ಶರ್ಟು ಹುಡುಕಿ ಹಾಕಿಕೊಂಡು ಗೇಟಿಗೆ ಹೋದೆ. ಶಾಲೆಯ ಬಸ್ಸಿಗೆ ಮಕ್ಕಳು ಕಾಯುತ್ತಿದ್ದರು. ನಮ್ಮವಳು ದೂರದಲ್ಲಿ, ಒಬ್ಬಳೇ, ಗೋಡೆಗೆ ಒರಗಿ ನಿಂತಿದ್ದಳು. ನನಗೆ ಮಾನ ಮರ್ಯಾದೆ ಎಲ್ಲ ಮರೆತುಹೋಯಿತು. ಅಷ್ಟು ಜನರ ಮುಂದೆ ಪೆಂಟ್‌ಹೌಸ್ ಪುಟ್ಟಿಗೆ ಕೈ ಮುಗಿದೆ.

"ತಾಯೀ, ನನ್ನ ಮಗಳು ಹೇಳಿದ್ದೇ ನಿಜ ಕಣಮ್ಮಾ. ಆ ಟಿವಿ, ಆ ಸೇಬು ಎಲ್ಲ ನಾನು ಅಂಗಡಿಯಿಂದ ಎರವಲು ತಂದಿದ್ದು. ನಮಗೆ ಮೇಲೂ ಮನೆ ಇಲ್ಲ, ಕೆಳಗೂ ಇಲ್ಲ. ಈ ಮನೆಯೂ ಬಾಡಿಗೇದು. ನನ್ನ ಹತ್ತಿರ ಏನೂ ಇಲ್ಲ, ನಿಜವಾಗ್ಲೂ ಏನೇನೂ ಇಲ್ಲ!"

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹಲ್ಲಿಲ್ಲದ ಸಂದಿಯಿಂದ ತಿಳಿವಳಿಕೆಯ ನಗೆ ನಕ್ಕಳು.

"ಗೊತ್ತು ಬಿಡಿ ಅಂಕಲ್. ನಮ್ಮಪ್ಪನೂ ಎಲ್ಲರ ಹತ್ತಿರ ಹೀಗೇ ಹೇಳೋದು!"