ಆಶಾದಾಯಕ ಕಲ್ಲು

ಪತ್ರಿಕೆಗಳು ಹುಟ್ಟುವುದಕ್ಕೆ ಮೊದಲು, ಆದರೆ ಪ್ರೆಸ್ ನೋಟುಗಳು ಹುಟ್ಟಿದ ಮೇಲೆ, ಹೇಮಪುರಿ ಎಂಬ ರಾಜ್ಯವೊಂದಿತ್ತು. ಹೆಸರಿನಲ್ಲಿ ಬಿಟ್ಟರೆ ಅಲ್ಲಿ ಬೇರೆಲ್ಲೂ ಚಿನ್ನವಿರಲಿಲ್ಲ. ಈ ಕೊರತೆ ದೊರೆ ಕನಕಕೇತು ಮಹಾಪ್ರಭುಗಳ ಮನಸ್ಸನ್ನು ಸದಾ ಕೊರೆಯುತ್ತಿತ್ತು.

ರಾಜಧಾನಿಯಿಂದ ಹನ್ನೊಂದು ದಿನ ನಡೆದರೆ ಬೋಳುಗಲ್ಲು ಸೀಮೆ. ಅಲ್ಲಿ ಒಂದೇ ಒಂದು ಒರತೆ, ಅದರ ಸುತ್ತ ಆಡು ಸಾಕುವವರ ನಲವತ್ತು ಮನೆ. ಅಲ್ಲಿಗೆ ಚಿನ್ನ ಹುಡುಕುವ ಪುಟ್ಟ ಕಂಪನಿಯೊಂದು ಬಂತು. ಕಂಪನಿಯೆಂದರೆ ಮಾಲೀಕ ಶೇಷಾದ್ರಯ್ಯ, ಭೂಮಿ ಕೊರೆಯುವ ಹುಲುಗಪ್ಪ, ಎರಡು ಕತ್ತೆಗಳ ಮೇಲೆ ಬಿಚ್ಚಿ ಹೇರಿದ ಒಂದು ಯಂತ್ರ. ಹುಲುಗಪ್ಪ ಹೊನ್ನೂರವ್ವ ಎಂಬ ಮುದುಕಿಯ ಮನೆಯ ಕಟ್ಟೆಯ ಮೇಲೆ ಬಿಡಾರ ಹೂಡಿದ. ಅವಳು ಕೊಟ್ಟ ರೊಟ್ಟಿ ತಿಂದು, ಗುಡ್ಡದಲ್ಲಿ ಮೂವತ್ತು ಗಜ ಆಳ ಕೊರೆದು, ಮೇಲೆ ಬಂದ ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದ.

“ಬರೇ ಕಲ್ರೀ,” ಎಂದ.

ಶೇಷಾದ್ರಯ್ಯ ಆಸ್ಥಾನಕ್ಕೆ ಬರೆದ ವರದಿಯಲ್ಲಿ ಅದು ‘ಆಶಾದಾಯಕ ಶಿಲೆ’ ಆಯಿತು. ಹಾಗೆಂದರೇನು ಎಂದು ದೊರೆ ಕೇಳಿದಾಗ ಗಣಿಮಂತ್ರಿ ಗಿರಿಭೂಷಣರು ಕೈಮುಗಿದು, ಚಿನ್ನವಾದರೆ ಎಲ್ಲೋ ಒಂದು ಕಡೆ ಮುಗಿದುಹೋಗುತ್ತದೆ, ಆಶೆಗೆ ಆ ದೋಷವಿಲ್ಲ ಎಂದು ಬಿನ್ನವಿಸಿದರು. ಮಹಾಪ್ರಭುಗಳಿಗೆ ಕಣ್ಣು ತುಂಬಿ ಬಂತು.

ಅಲ್ಲಿಂದ ಕಂಪನಿ ಬೆಳೆಯತೊಡಗಿತು. ಎರಡನೆಯ ರಂಧ್ರದಲ್ಲೂ ಕಲ್ಲೇ ಬಂತು. ರಾಜಧಾನಿಯಲ್ಲಿ ಕಚೇರಿ ತೆರೆಯಿತು. ಐದನೆಯದರಲ್ಲೂ ಕಲ್ಲು, ಪ್ರಚಾರ ವಿಭಾಗವೂ ಲಾಂಛನವೂ ಬಂದವು. ಹನ್ನೆರಡನೆಯ ರಂಧ್ರದ ಹೊತ್ತಿಗೆ ಕಚೇರಿ ಏಳಂತಸ್ತಾಗಿ, ಮುನ್ನೂರು ಜನ ದಿನವಿಡೀ ಪ್ರೆಸೆಂಟೇಶನ್ ತಯಾರಿಸುತ್ತಿದ್ದರು. ಕೊರೆಯುವವನು ಮಾತ್ರ ಹುಲುಗಪ್ಪನೊಬ್ಬನೇ. ‘ಬರೇ ಕಲ್ಲು’ ಎಂಬ ಮಾತು ರಾಜದ್ರೋಹವೆಂದೂ, ಇನ್ನು ಮುಂದೆ ಬೋಳುಗಲ್ಲಿನ ಸಮಸ್ತ ಕಲ್ಲುಗಳನ್ನೂ ‘ಪೂರ್ವಚಿನ್ನ’ ಎಂದೇ ಕರೆಯತಕ್ಕದ್ದೆಂದೂ, ಅವು ಅರಮನೆಯ ಸ್ವತ್ತೆಂದೂ ಫರ್ಮಾನು ಹೊರಟಿತು.

ಹದಿಮೂರನೆಯ ಜಾಗವನ್ನು ದೊರೆಗಳೇ ನಕ್ಷೆಯ ಮೇಲೆ ಬೆರಳಿಟ್ಟು ಆರಿಸಿದರು. ಬೆರಳು ಬಿದ್ದದ್ದು ಒರತೆಯ ಮಗ್ಗುಲಿಗೆ.

ಹೊನ್ನೂರವ್ವ ಯಂತ್ರದ ಮುಂದೆ ಬಂದು ಕೂತಳು. “ಇಲ್ಲಿ ತೂತು ಹೊಡೀಬ್ಯಾಡಪ್ಪ,” ಎಂದಳು. “ನಮಗ ಇರೋದು ಇದೊಂದss ನೀರು.”

ಹುಲುಗಪ್ಪ ಯಂತ್ರ ನಿಲ್ಲಿಸಿ, ಹನ್ನೊಂದು ದಿನ ನಡೆದು ಆಸ್ಥಾನಕ್ಕೆ ಹೋದ. ಸಿಂಹಾಸನದ ಮುಂದೆ ನಿಂತು ಕೈಮುಗಿದ.

“ದೊರಿಗಳs, ಇಪ್ಪತ್ತು ವರ್ಷ ನೆಲಾ ಕೊರದೀನಿ. ಅಲ್ಲಿ ಬಂಗಾರಿಲ್ಲ, ನೀರೈತಿ. ಅದೂ ಹೋದ್ರ ಆ ಮಂದಿ ಉಳಿಯೂದಿಲ್ರೀ.”

ತಲೆ ಹೋಗುತ್ತದೆಂದೇ ಹುಲುಗಪ್ಪ ತಿಳಿದಿದ್ದ. ಆದರೆ ಮಹಾಪ್ರಭುಗಳು ಮುಗುಳ್ನಕ್ಕು, ಇಂಥ ತಳಮಟ್ಟದ ಫೀಡ್‌ಬ್ಯಾಕ್ ತಮ್ಮ ಆಡಳಿತದ ಜೀವಾಳವೆಂದು ಸಾರಿ, ಅವನಿಗೆ ಶಾಲು ಹೊದಿಸಿ ‘ಶಿಲಾಭಿಜ್ಞ’ ಎಂಬ ಬಿರುದು ಕೊಟ್ಟರು. ಚಪ್ಪಾಳೆಯ ನಡುವೆಯೇ ಹೊಸದಾಗಿ ನೇಮಿಸಿದ ಇಬ್ಬರು ಕೊರೆಯುವವರು ಬೋಳುಗಲ್ಲಿಗೆ ಹೊರಟದ್ದನ್ನು ಅವನು ಕಂಡ. ಅತಿಥಿಗೃಹದಲ್ಲಿ ಅವನನ್ನು ಎಂಟು ದಿನ ಗೌರವದಿಂದ ಕೂಡಿಹಾಕಿದರು.

ಅವನು ತಿರುಗಿ ಬಂದಾಗ ಒರತೆ ಇರಲಿಲ್ಲ. ನೀರೆಲ್ಲ ಹೊಸ ರಂಧ್ರದಲ್ಲಿ ಇಳಿದು ಭೂಮಿಯೊಳಗೆಲ್ಲೋ ಹೋಗಿತ್ತು. ಹೊನ್ನೂರವ್ವ ಅವನನ್ನು ಬೈಯಲಿಲ್ಲ. ಒಣಗಿದ ಕೆಸರಿನಲ್ಲಿ ಮೂತಿ ಊರಿದ್ದ ಆಡನ್ನು ಎಳೆದುಕೊಂಡು, ಬೀಸುಕಲ್ಲು ಹೊತ್ತುಕೊಳ್ಳಲು ಅವನಿಗೆ ಹೇಳಿದಳು, ಅಷ್ಟೇ. ನಲವತ್ತು ಮನೆಯವರೂ ಹೊರಟರು. ಗಡಿಯ ಚೌಕಿಯಲ್ಲಿ ಕಾವಲುಗಾರ ತಡೆದು, ಬೀಸುಕಲ್ಲು ಪೂರ್ವಚಿನ್ನವಾದ್ದರಿಂದ ಇಳಿಸಬೇಕೆಂದ. ಹುಲುಗಪ್ಪ ಇಳಿಸಿದ. ಮುದುಕಿ ಅದರ ಮೇಲೊಮ್ಮೆ ಕೈಯಾಡಿಸಿ, ತಿರುಗಿ ನೋಡದೆ ನಡೆದಳು.

ಮರುವಾರ ಬೋಳುಗಲ್ಲಿನಲ್ಲಿ ಶಾಮಿಯಾನ ಹಾಕಿ, ಇನ್ನೂರು ಹೊಸ ರಂಧ್ರಗಳ ಬಗ್ಗೆ ಸಾರ್ವಜನಿಕ ಅಹವಾಲು ಸಭೆ ನಡೆಸಲಾಯಿತು. ನೂತನ ಮಹಾಮಂತ್ರಿ ಶೇಷಾದ್ರಯ್ಯನವರು ಅಧ್ಯಕ್ಷತೆ ವಹಿಸಿ, ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಖಾಲಿ ಕುರ್ಚಿಗಳನ್ನು ಮೂರು ಬಾರಿ ಕೇಳಿದರು. ಯಾರೂ ಏಳಲಿಲ್ಲ.