ಗುಂಡಿ ಕಳೆದುಕೊಂಡ ಕರಡಿ

ಶಾಲೆಯಿಂದ ತಿಂಗಳಿಗೊಮ್ಮೆ ಮನೆಗೆ ಬರುವ ಹಾಳೆಯನ್ನು ದರ್ಜಿ ಯಾವತ್ತೂ ಪೂರ್ತಿ ಓದಿದವನಲ್ಲ. ಮುಂದಿನ ಪುಟದಲ್ಲಿ ಸುದ್ದಿ ಇರುತ್ತಿತ್ತು: ಯಾವ ತರಗತಿಯವರು ಗಿಡ ನೆಟ್ಟರು, ಆಟದ ಮೈದಾನದಲ್ಲಿ ಯಾರದೋ ಹಾಲುಹಲ್ಲು ಸಿಕ್ಕಿದೆ, ವಾರಸುದಾರರು ಕಚೇರಿಗೆ ಬಂದು ಪಡೆಯತಕ್ಕದ್ದು, ಇಂಥವು. ಹಿಂದಿನ ಪುಟದಲ್ಲಿ ಮನೆಯವರೆಲ್ಲ ಪಾಲಿಸಬೇಕಾದ ಆ ತಿಂಗಳ ಗುರಿ. ಒಂದು ತಿಂಗಳು ಬೇಗ ಮಲಗುವುದು, ಇನ್ನೊಂದು ತಿಂಗಳು ಊಟದ ಹೊತ್ತಿಗೆ ಟೀವಿ ಆರಿಸುವುದು. ಕಳೆದ ತಿಂಗಳದ್ದು ಹೀಗಿತ್ತು: ದಿನಾ ಸಂಜೆ ಮಗುವಿಗೆ ಇಪ್ಪತ್ತು ನಿಮಿಷ ಗಟ್ಟಿಯಾಗಿ ಕತೆ ಓದಿ ಹೇಳಿ, ಪುಸ್ತಕದ ಹೆಸರು ಬರೆದು, ಸಹಿ ಹಾಕುವುದು. ಅದಕ್ಕೆಂದು ಮೂವತ್ತು ಚೌಕಗಳನ್ನೂ ಎಳೆದು ಕೊಟ್ಟಿದ್ದರು.

ದರ್ಜಿಗೆ ಓದುವ ಮನಸ್ಸೇ ಇರಲಿಲ್ಲ ಎಂದಲ್ಲ. ಅದು ಸಮವಸ್ತ್ರ ಹೊಲಿಯುವ ಕಾಲ. ಅಂಗಡಿಯಲ್ಲಿ ಬಟ್ಟೆ ಆಳೆತ್ತರ ಬಿದ್ದಿತ್ತು. ಹೆಂಡತಿಗೆ ಆಸ್ಪತ್ರೆಯಲ್ಲಿ ಸಂಜೆ ಪಾಳಿ. ಎರಡನೇ ತರಗತಿಯ ಮಗಳು ಪುಟ್ಟಿ ಹೊಲಿಗೆ ಯಂತ್ರದ ಪಕ್ಕದಲ್ಲೇ ಹೋಂವರ್ಕ್ ಮುಗಿಸಿ, "ಅಪ್ಪ, ಇವತ್ತು ಓದ್ತೀಯಾ?" ಅನ್ನುವಳು. "ಈ ಒಂದು ತೋಳು ಕೂಡಿಸಿಬಿಡ್ತೀನಿ, ತಡಿ" ಅನ್ನುವನು. ತೋಳು ಕೂಡುವಷ್ಟರಲ್ಲಿ ಅವಳು ಬಟ್ಟೆಯ ಗಂಟಿಗೆ ಒರಗಿ ನಿದ್ದೆ ಹೋಗಿರುತ್ತಿದ್ದಳು. ಹೀಗೆ ನಾಳೆ ನಾಳೆ ಅಂತಲೇ ತಿಂಗಳು ಕಳೆಯಿತು. ಹಾಳೆ ವಾಪಸು ಕೊಡಬೇಕಾದ ಮುನ್ನಾದಿನ ನೋಡಿದರೆ ಮೂವತ್ತು ಚೌಕಗಳೂ ಬಾಯಿ ತೆರೆದುಕೊಂಡು ಕೂತಿದ್ದವು.

ಖಾಲಿ ಹಾಳೆ ಕಳಿಸಿದರೆ ಮಗಳಿಗೆ ಅವಮಾನ. ದರ್ಜಿ ಟೀ ತರಿಸಿಕೊಂಡು ಕೂತ. ಗೊತ್ತಿದ್ದ ಕತೆ ಪುಸ್ತಕಗಳ ಹೆಸರು ಎರಡೇ ಚೌಕಕ್ಕೆ ಮುಗಿದವು. ಅಂಗಡಿಯ ಸುತ್ತ ಕಣ್ಣು ಹಾಯಿಸಿದ. ಗುಂಡಿಯ ಡಬ್ಬಿ ಕಂಡಿತು. 'ಗುಂಡಿ ಕಳೆದುಕೊಂಡ ಕರಡಿ' ಎಂದು ಬರೆದ. ಇಸ್ತ್ರಿ ಪೆಟ್ಟಿಗೆ ಕಂಡಿತು. 'ಇಸ್ತ್ರಿ ಪೆಟ್ಟಿಗೆಯ ಪ್ರವಾಸ'. ಆಮೇಲೆ ಕೈ ತಾನಾಗಿ ಓಡಿತು. 'ಜಿಪ್ಪಿನಲ್ಲಿ ಸಿಕ್ಕಿಬಿದ್ದ ಸಿಂಹ', 'ಮೂರು ತೋಳಿನ ಅಂಗಿ'. ಹತ್ತೊಂಬತ್ತನೆಯ ಚೌಕಕ್ಕೆ ಬರುವಾಗ ಕಲ್ಪನೆ ಬತ್ತಿ, 'ಮತ್ತೆ ಗುಂಡಿ ಕಳೆದುಕೊಂಡ ಕರಡಿ' ಎಂದು ಹಾಕಿದ. ಬೇರೆ ಬೇರೆ ದಿನ ಬರೆದಂತೆ ಕಾಣಲೆಂದು ನೀಲಿ, ಕಪ್ಪು, ಹಸಿರು ಮೂರು ಪೆನ್ನು ಬಳಸಿದ. ಆ ಶ್ರದ್ಧೆಯಲ್ಲಿ ಅರ್ಧದಷ್ಟನ್ನು ಓದುವುದಕ್ಕೆ ಇಟ್ಟಿದ್ದರೆ ಹತ್ತು ದಿನವಾದರೂ ನಿಜವಾಗುತ್ತಿತ್ತು.

ಇದಾಗಿ ಒಂದು ವಾರಕ್ಕೆ, ಶುಕ್ರವಾರ ಬೆಳಿಗ್ಗೆ, ಹೆಂಡತಿ ಪುಟ್ಟಿಯ ಚೀಲದಿಂದ ಹೊಸ ತಿಂಗಳ ಹಾಳೆ ತೆಗೆದು ನೋಡಿದವಳು ಹಾಗೇ ನಿಂತುಬಿಟ್ಟಳು. ಮುಂದಿನ ಪುಟದ ಮೊದಲ ಸುದ್ದಿಯೇ ಅವರದು. 'ನಮ್ಮ ಮಾದರಿ ಕುಟುಂಬ' ಎಂಬ ದಪ್ಪ ಅಕ್ಷರದ ಕೆಳಗೆ, ಮೂವತ್ತಕ್ಕೆ ಮೂವತ್ತು ದಿನವೂ ಮಗುವಿಗೆ ಓದಿ ಹೇಳಿದ ದರ್ಜಿಯವರನ್ನು ಇದೇ ಶುಕ್ರವಾರ ನಾಲ್ಕು ಗಂಟೆಗೆ ಪೋಷಕರ ಸಭೆಯಲ್ಲಿ ಅಭಿನಂದಿಸಲಾಗುವುದು, ಅವರು 'ಗುಂಡಿ ಕಳೆದುಕೊಂಡ ಕರಡಿ'ಯನ್ನು ಎಲ್ಲರೆದುರು ಓದಲಿದ್ದಾರೆ, ಪುಸ್ತಕ ಮರೆಯದೆ ತರತಕ್ಕದ್ದು, ಎಂದಿತ್ತು.

"ನನಗೆ ಒಂದು ಮಾತು ಹೇಳಿಲ್ಲವಲ್ರೀ ನೀವು" ಎಂದಳು ಹೆಂಡತಿ. ಅವಳ ಕಣ್ಣು ಒದ್ದೆಯಾಗಿತ್ತು. "ನಾನಲ್ಲಿ, ಮಗು ಒಂದೇ ಕೂತಿರುತ್ತೆ, ಯಾರೂ ಮಾತಾಡಿಸೋರಿಲ್ಲ ಅಂತ ಪಾಳಿ ಇಡೀ ಕೊರಗ್ತಿದ್ದೆ. ಇವತ್ತು ಪಾಳಿ ಮಧ್ಯೆ ಒಂದು ಗಂಟೆ ಬಿಡುವು ಕೇಳ್ಕೊಂಡು ಬರ್ತೀನಿ."

ದರ್ಜಿ ಬಾಯಿಗೆ ಇಟ್ಟ ಬ್ರೆಡ್ಡು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಎದುರಿಗೆ ಪುಟ್ಟಿ ಹಾಲು ಕುಡಿಯುತ್ತ ಲೋಟದ ಅಂಚಿನ ಮೇಲಿಂದ ಅವನನ್ನೇ ನೋಡುತ್ತಿದ್ದಳು. ಅವನು ಆ ನೋಟ ತಪ್ಪಿಸಿಕೊಳ್ಳಲು ಮೇಜಿನ ಕೆಳಗೆ ಬಗ್ಗಿ, ಬೀಳದ ಚಮಚ ಹುಡುಕಿದ.

ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಮೇಲಿನ ಮಹಡಿಯ ಇನ್ಶೂರೆನ್ಸ್ ಏಜೆಂಟ್ ಕಾದು ನಿಂತಿದ್ದ. ಅವನ ಮಗನೂ ಪುಟ್ಟಿಯ ತರಗತಿಯೇ.

"ಆ ಕರಡಿ ಪುಸ್ತಕ ಒಂದು ಗಂಟೆ ಮಟ್ಟಿಗೆ ಕೊಡ್ರಿ. ಸುಮ್ನೆ ಕಣ್ಣಾಡಿಸಿ ವಾಪಸ್ ಕೊಡ್ತೀನಿ."

"ಅದು... ಬೇರೆಯವರ ಹತ್ರ ಇದೆ."

"ಯಾರ ಹತ್ರ?"

ಎದುರುಗಡೆ ಬೇಕರಿಯ ಬೋರ್ಡು ಕಾಣುತ್ತಿತ್ತು. "ಬೇಕರಿ ಅಕ್ಕನ ಹತ್ರ" ಎಂದುಬಿಟ್ಟ.

ಏಜೆಂಟ್ ಹೋಗುವವನು ತಿರುಗಿದ. "ಹೋಗ್ಲಿ, ಒಂದು ಹೇಳಿ. ಕೊನೇಲಿ ಗುಂಡಿ ಸಿಗುತ್ತಾ?"

"ಸಿಗುತ್ತೆ" ಎಂದ ದರ್ಜಿ. ಹಾಗೆ ಹೇಳಿದರೆ ಬೇಗ ಹೋಗುತ್ತಾನೆ ಎಂದು.

ಹತ್ತು ನಿಮಿಷಕ್ಕೆ ಬೇಕರಿ ಅಕ್ಕ ಕೈಗೆ ಹತ್ತಿದ ಹಿಟ್ಟನ್ನೂ ಒರೆಸಿಕೊಳ್ಳದೆ ಬಂದಳು. ಅವಳಿಗೂ ಅದೇ ತರಗತಿಯಲ್ಲಿ ಅವಳಿ ಹೆಣ್ಣುಮಕ್ಕಳಿದ್ದರು. "ಅಲ್ಲ ಅಣ್ಣ, ನಂಗೆ ಯಾವಾಗ ಕೊಟ್ರಿ ಆ ಪುಸ್ತಕನ? ಕೊಟ್ಟಿದ್ರೆ ಒಳ್ಳೇದೇ ಆಗ್ತಿತ್ತು. ಈಗ್ಲಾದ್ರೂ ಕೊಡಿ."

"ನಿಮಗೆ ಕೊಡಬೇಕು ಅಂತಲೇ ಇದ್ದೆ ಅಕ್ಕ. ಅಷ್ಟರಲ್ಲಿ ನಮ್ಮ ಮಾವನ ಮನೆಯವರು ಪುಸ್ತಕ ಎಲ್ಲ ತಗೊಂಡು ಹೋದ್ರು."

"ಮೂವತ್ತನ್ನೂ?"

"ಮೂವತ್ತನ್ನೂ. ದೊಡ್ಡ ಸಂಸಾರ."

ಅಕ್ಕ ಹೊಸ್ತಿಲಲ್ಲೇ ಕೂತಳು. "ಕತೆ ಆದ್ರೂ ಹೇಳಿ. ಆ ಕರಡಿಗೆ ಏನಾಗುತ್ತೆ?"

ಅವಳು ಏಳುವ ಹಾಗೆ ಕಾಣಲಿಲ್ಲ. ದರ್ಜಿ ದುಃಖದ ಮುಖ ಮಾಡಿದ, ಅದಕ್ಕೇನೂ ನಟಿಸಬೇಕಾಗಿರಲಿಲ್ಲ. "ಗುಂಡಿ ಸಿಗೋದೇ ಇಲ್ಲ ಅಕ್ಕ. ಪಾಪ, ಚಳಿಗಾಲ ಇಡೀ ಎದೆ ತೆರ್ಕೊಂಡೇ ಓಡಾಡುತ್ತೆ."

"ಅಯ್ಯೋ" ಎಂದು ಅಕ್ಕ ಎದ್ದು ಹೋದಳು.

ಎರಡು ಸುಳ್ಳಿಗೆ ಎರಡು ಕರಡಿ ಹುಟ್ಟಿದ್ದು ಅವನ ಗಮನಕ್ಕೆ ಬರಲಿಲ್ಲ. ಹೊಲಿಯಲು ಕೂತ. ಅರ್ಧ ಗಂಟೆಯ ಮೇಲೆ ಎತ್ತಿ ನೋಡಿದರೆ, ಪೋಸ್ಟ್‌ಮಾಸ್ಟರ್ ಕೋಟಿಗೆ ಎರಡೂ ತೋಳನ್ನು ಬಲಕ್ಕೇ ಕೂಡಿಸಿದ್ದ. ಕೋಟು ಯಾರೋ ದಾರಿ ಕೇಳಿದವರಿಗೆ ಎರಡೂ ಕೈಯಿಂದ ಪೋಸ್ಟಾಫೀಸು ತೋರಿಸುತ್ತಿರುವಂತೆ ಕಂಡಿತು. ಬಿಚ್ಚಿಡುತ್ತ ಯೋಚಿಸಿದ: ಯಾವುದಾದರೂ ಒಂದು ಕರಡಿ ಪುಸ್ತಕ ಸಿಕ್ಕರೆ, ಮೇಲೆ ಕಾಗದದ ಹೊದಿಕೆ ಹಾಕಿ, ಹೆಸರು ಬರೆದು ಓದಿಬಿಡಬಹುದು. ಅಂಗಡಿಗೆ ಬೀಗ ಹಾಕಿ ಲೈಬ್ರರಿಗೆ ಓಡಿದ.

ಲೈಬ್ರರಿಯ ಮುದುಕ ಅವನನ್ನು ಕಂಡದ್ದೇ ಎದ್ದು ನಿಂತ. ಹಾಳೆಯ ಒಂದು ಪ್ರತಿ ಅವನ ಮೇಜಿಗೂ ಬಂದಿತ್ತು.

"ಬನ್ನಿ, ಬನ್ನಿ. ನಿಮ್ಮ ಪುಸ್ತಕಗಳಿಂದ ನನಗೆ ನಿದ್ದೆ ಇಲ್ಲ. ಸೋಮವಾರದಿಂದ ಹನ್ನೊಂದು ಜನ ಬಂದು ಆ ಕರಡಿ ಇದೆಯಾ ಅಂತ ಕೇಳಿದ್ರು. ಎಲ್ಲ ಪಟ್ಟಿ ತೆಗೆದು ನೋಡ್ದೆ, ಸಿಗಲಿಲ್ಲ. ಇಷ್ಟು ವರ್ಷ ಇಲ್ಲಿ ಕೂತು ಇಂಥ ಮೂವತ್ತು ಪುಸ್ತಕ ನನ್ನ ಕಣ್ಣಿಗೆ ಬೀಳದೆ ಹೋದವಲ್ಲ ಅಂತ ನಾಚಿಕೆ ಆಯ್ತು. ಪ್ರಕಾಶಕರು ಯಾರು, ಸ್ವಲ್ಪ ಹೇಳಿ."

"ಮೊದಲನೇ ಪುಟ ಹರಿದುಹೋಗಿದೆ."

"ಮೂವತ್ತರದ್ದೂ?"

ದರ್ಜಿ ತಲೆ ತಗ್ಗಿಸಿದ. ಮುದುಕ ಅವನ ಭುಜ ತಟ್ಟಿದ. "ಪರವಾಗಿಲ್ಲ. ಓದಿ ಓದಿ ಹರಿದಿದೆ ಅಂದ್ರೆ ಅದಕ್ಕಿಂತ ದೊಡ್ಡ ಮರ್ಯಾದೆ ಪುಸ್ತಕಕ್ಕಿಲ್ಲ. ನಮ್ಮಪ್ಪ ನನಗೆ ಒಂದು ಸಾಲು ಓದಿ ಹೇಳಿದವರಲ್ಲ. ನಿಮ್ಮ ಮಗಳು ಪುಣ್ಯವಂತೆ."

ಕೇಳಬೇಕೆಂದುಕೊಂಡಿದ್ದ ಕರಡಿ ಪುಸ್ತಕವನ್ನು ದರ್ಜಿ ಕೇಳಲಿಲ್ಲ. ಮೆಟ್ಟಿಲಿಳಿಯುವಾಗ ಮುಖ ಇಸ್ತ್ರಿ ಪೆಟ್ಟಿಗೆ ತಗುಲಿದ ಹಾಗೆ ಸುಡುತ್ತಿತ್ತು. ಯಾರಾದರೂ ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಬೆಳಗಿನಿಂದ ಸಿಕ್ಕವರೆಲ್ಲ ಹೊಗಳುವವರೇ. ರಸ್ತೆ ದಾಟುವಾಗ ಅವನಿಗೆ ನಿಶ್ಚಯವಾಯಿತು: ಇನ್ನು ಒಂದು ಸುಳ್ಳನ್ನೂ ಹೊರಲಾರೆ. ಎಲ್ಲರೆದುರು ಹೇಳಿಬಿಡುತ್ತೇನೆ. ಉಗಿಯುವವರು ಉಗಿಯಲಿ, ಪುಟ್ಟಿಯ ಮುಖ ನೋಡುವ ಹಾಗಾದರೆ ಸಾಕು.

ನಾಲ್ಕು ಗಂಟೆಗೆ ಶಾಲೆಯ ಹಾಲ್ ತುಂಬಿತ್ತು. ಮಕ್ಕಳು ಕೂರುವ ಪುಟ್ಟ ಕುರ್ಚಿಗಳ ಮೇಲೆ ತಂದೆತಾಯಿಯರು ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರು. ಮಕ್ಕಳು ಮುಂದೆ ನೆಲದ ಮೇಲೆ. ಪುಟ್ಟಿ ಒಮ್ಮೆ ಹಿಂದೆ ತಿರುಗಿ ನೋಡಿ ಮುಖ ತಿರುಗಿಸಿದಳು. ಹೆಂಡತಿ ಆಸ್ಪತ್ರೆಯ ಬಿಳಿ ಅಂಗಿಯಲ್ಲೇ ಓಡಿಬಂದು ಅವನ ಪಕ್ಕ ಕೂತಳು. ಹೆಡ್ ಮೇಡಂ ಎರಡು ಮಾತು ಹೇಳಿ, "ನಮ್ಮ ದರ್ಜಿಯವರು ಈಗ ಕರಡಿಯ ಕತೆ ಓದ್ತಾರೆ" ಎಂದರು. ಚಪ್ಪಾಳೆ ಬಿತ್ತು.

ಅವನು ಬರಿಗೈಯಲ್ಲಿ ಎದ್ದು ನಿಂತ.

"ಪುಸ್ತಕ ತಂದಿಲ್ಲ" ಎಂದ. "ತರೋಕೆ ಆಗಲ್ಲ. ಅಂಥ ಪುಸ್ತಕವೇ ಇಲ್ಲ. ಮೂವತ್ತರಲ್ಲಿ ಇಪ್ಪತ್ತೆಂಟು ನಾನೇ ಒಂದು ಸಂಜೆ ಕೂತು ಕಟ್ಟಿದ ಹೆಸರು, ಉಳಿದೆರಡನ್ನೂ ಓದಿಲ್ಲ. ಮಗುವಿಗೆ ನಾನು ಒಂದು ದಿನವೂ ಓದಿ ಹೇಳಿಲ್ಲ. ತಪ್ಪಾಯ್ತು."

ದರ್ಜಿಗೆ ಎದೆಯಿಂದ ಕಲ್ಲು ಇಳಿಸಿದಂತಾಯಿತು. ಬೆಳಗಿನಿಂದ ಮೊದಲ ಬಾರಿ ನೆಟ್ಟಗೆ ಉಸಿರಾಡಿದ.

ಆಗ ಹಿಂದಿನ ಸಾಲಿನಲ್ಲಿ ಏಜೆಂಟ್ ಎದ್ದ. ಅವನ ಪೃಷ್ಠಕ್ಕೆ ಪುಟ್ಟ ಕುರ್ಚಿಯೂ ಅಂಟಿಕೊಂಡೇ ಎದ್ದಿತು.

"ಇಲ್ಲ ಅಂದ್ರೆ ಹೇಗ್ರೀ? ನಮ್ಮನೇಲಿ ಓದಿದೀವಲ್ಲ. ಕೊನೇಲಿ ಗುಂಡಿ ಸಿಕ್ಕಾಗ ನಮ್ಮ ಹುಡುಗ ಕುಣಿದುಬಿಟ್ಟ."

"ಎಲ್ಲಿ ಸಿಗುತ್ತೆ?" ಬೇಕರಿ ಅಕ್ಕ ಇನ್ನೊಂದು ಕಡೆಯಿಂದ ಎದ್ದಳು. "ಗುಂಡಿ ಸಿಗೋದೇ ಇಲ್ಲ. ಚಳಿಗಾಲ ಇಡೀ ಹಾಗೇ ಓಡಾಡುತ್ತೆ. ನಮ್ಮ ಅವಳಿಗಳು ಅತ್ತು ಅತ್ತು ಊಟ ಬಿಟ್ಟಿದ್ವು."

"ನೀವು ಸರಿಯಾಗಿ ಓದಿಲ್ಲ ಅಕ್ಕ."

"ನೀವು ಓದಿದೀರೋ ಇಲ್ವೋ, ಅದು ಹೇಳಿ ಮೊದಲು."

ಅಲ್ಲೊಬ್ಬರು, ನಮಗಂತೂ ಸಿಂಹದ ಕತೆಯೇ ಹಿಡಿಸಿತು ಎಂದರು. ಇನ್ನೊಬ್ಬರು ಇಸ್ತ್ರಿ ಪೆಟ್ಟಿಗೆಯ ಪ್ರವಾಸವನ್ನು ಮಧ್ಯದಲ್ಲಿ ಸ್ವಲ್ಪ ಎಳೆದಿದ್ದಾರೆ ಎಂದರು. ದರ್ಜಿ ಒಬ್ಬೊಬ್ಬರ ಬಾಯನ್ನೂ ನೋಡುತ್ತ ನಿಂತ. ಹೆಡ್ ಮೇಡಂ ಕೈ ಎತ್ತಿ ಸುಮ್ಮನಾಗಿಸಿದರು.

"ಜಗಳ ಬೇಡ. ಇಬ್ಬರೂ ಹೇಳ್ತಿರೋದು ಸರಿ. ಇವರು ಓದಿರೋದು ಮೊದಲನೇ ಭಾಗ. ಅಕ್ಕ ಓದಿರೋದು ಎರಡನೇದು, 'ಮತ್ತೆ ಗುಂಡಿ ಕಳೆದುಕೊಂಡ ಕರಡಿ'. ಮೊದಲು ಸಿಕ್ಕಿದ್ರೆ ತಾನೇ ಮತ್ತೆ ಕಳೆದುಕೊಳ್ಳೋಕಾಗೋದು?"

ಎಲ್ಲರೂ ಹೌದೌದೆಂದು ತಲೆಯಾಡಿಸಿದರು. ಮೇಡಂ ಒಂದು ದಪ್ಪ ಫೈಲು ಬಿಚ್ಚಿದರು.

"ನೋಡಿ, ಗಡುವಿನ ದಿನ ಈ ತರಗತಿಯಿಂದ ಬಂದದ್ದು ದರ್ಜಿಯವರ ಹಾಳೆ ಒಂದೇ. ಟೀಚರ್ ಅದನ್ನ ಮಾದರಿ ಅಂತ ಗೋಡೆಗೆ ಅಂಟಿಸಿ, ಉಳಿದವರಿಗೆ ಇನ್ನೆರಡು ದಿನ ಕೊಟ್ರು. ಎರಡೇ ದಿನದಲ್ಲಿ ಇಪ್ಪತ್ತೆರಡು ಹಾಳೆ ಬಂತು. ಇಪ್ಪತ್ತೆರಡು ಮನೆಯವರೂ ಇದೇ ಪುಸ್ತಕಗಳನ್ನ ಓದಿದಾರೆ, ಸಹಿ ಹಾಕಿದಾರೆ. ಇಲ್ಲದ ಪುಸ್ತಕನ ಇಷ್ಟು ಜನ ಹೇಗೆ ಓದ್ತಾರೆ ದರ್ಜಿಯವರೇ?"

ದರ್ಜಿಗೆ ಈಗ ಅರ್ಥವಾಯಿತು. ಸುತ್ತ ನೋಡಿದ. ಒಬ್ಬೊಬ್ಬರೂ ತಮ್ಮ ತಮ್ಮ ಮೊಣಕಾಲು ನೋಡಿಕೊಳ್ಳುತ್ತಿದ್ದರು.

"ಮೇಡಂ, ಅವರೆಲ್ಲ ಗೋಡೆ ನೋಡಿ..." ಎಂದು ಶುರುಮಾಡಿದ.

"ಛೆ, ಇದೇನ್ರೀ" ಎಂದ ಏಜೆಂಟ್. "ಬೆಳಿಗ್ಗೆ ನಾನು ಇನ್ನೊಂದು ಸಲ ಓದೋಣ ಅಂತ ಕೇಳಿದ್ದಕ್ಕೆ ಬೇಕರಿಯಲ್ಲಿದೆ ಅಂದ್ರಿ."

"ನನಗೆ ಮಾವನ ಮನೇಲಿದೆ ಅಂದ್ರು" ಎಂದಳು ಅಕ್ಕ. "ಈಗ ನೋಡಿದ್ರೆ ಪುಸ್ತಕವೇ ಇಲ್ಲವಂತೆ. ಕೊಡೋಕೆ ಮನಸ್ಸಿಲ್ಲ ಅಂತ ನೇರವಾಗಿ ಹೇಳಬಾರದಾ ಅಣ್ಣ?"

ಈ ಮಾತು ಇಡೀ ಹಾಲ್‌ಗೆ ಬಲು ಅನುಕೂಲವಾಗಿ ಒದಗಿತು. ಕೊಡೋಕೆ ಮನಸ್ಸಿಲ್ಲವಂತೆ, ಎಂದು ಒಂದು ಸಾಲಿನಿಂದ ಇನ್ನೊಂದಕ್ಕೆ ಹರಿಯಿತು. ಹೆಡ್ ಮೇಡಂ ದರ್ಜಿಯನ್ನು ಬೇಸರದಿಂದ ನೋಡಿ, ಕನ್ನಡಕ ಸರಿಮಾಡಿಕೊಂಡು, ಮುಂದಿದ್ದ ಹಾಳೆಯಲ್ಲಿ ಏನನ್ನೋ ಹೊಡೆದುಹಾಕಿ ಬರೆದರು.

"ಈ ತಿಂಗಳ ಗುರಿ ಹಸಿರು ತರಕಾರಿ ತಿನ್ನೋದು ಅಂತ ಹಾಕಿದ್ವಿ. ಬದಲಾಯಿಸ್ತಿದೀನಿ. ನಮ್ಮಲ್ಲಿ ಇರೋದನ್ನ ಇನ್ನೊಬ್ಬರ ಜೊತೆ ಹಂಚಿಕೊಳ್ಳೋದು. ದೊಡ್ಡವರಿಗೂ ಅನ್ವಯಿಸುತ್ತೆ."

ಈ ಸಲದ ಚಪ್ಪಾಳೆ ಮೊದಲಿನದಕ್ಕಿಂತ ಜೋರಾಗಿತ್ತು.

ಗೇಟಿನ ಹೊರಗೆ ಬಂದದ್ದೇ ಹೆಂಡತಿ, "ಒಂದು ಪುಸ್ತಕ ಕೊಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದಷ್ಟೇ ಹೇಳಿ, ಪಾಳಿಗೆ ಹೊತ್ತಾಯಿತೆಂದು ಬಿರಬಿರನೆ ಹೊರಟುಹೋದಳು.

ಪುಟ್ಟಿ ಅವನ ಕೈ ಹಿಡಿಯದೆ ಎರಡು ಹೆಜ್ಜೆ ಹಿಂದೆ ಬರುತ್ತಿದ್ದಳು. ಬೇಕರಿ ದಾಟಿದ ಮೇಲೆ ನಿಂತಳು.

"ಅಪ್ಪ."

"ಏನಮ್ಮ?"

"ನಾನು ನಿದ್ದೆ ಮಾಡಿದ ಮೇಲೆ, ಮೂವತ್ತನ್ನೂ ನೀನೊಬ್ನೇ ಓದ್ಕೊಂಡ್ಯಾ?"

ಹೌದೆಂದರೆ ಅವನು ಎಂಥ ಅಪ್ಪ, ಇಲ್ಲವೆಂದರೆ ಯಾರು ನಂಬಬೇಕು? ದರ್ಜಿ ಮಂಡಿಯೂರಿ ಕೂತು, ಅವಳ ಬೂಟಿನ ಬಿಗಿಯಾಗಿಯೇ ಇದ್ದ ಲೇಸನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದ.